ಮಂಡಿ ಶಸ್ತ್ರಚಿಕಿತ್ಸೆಯ ನಂತರ ಹಿರಿಯರಿಗೆ ವ್ಯಾಯಾಮದ ಆ್ಯಪ್ ಹಾಕಿಕೊಡುವವರ ಗಮನಕ್ಕೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. 71 ವರ್ಷದ ನನ್ನ ತಾಯಿಯವರಿಗೆ ಬಲ ಮಂಡಿಯ ಕೀಲು ಬದಲಾವಣೆ ಆದ ಮೇಲೆ, ಅವರನ್ನು ಆಟೋದಲ್ಲಿ ಫಿಸಿಯೋಥೆರಪಿಗೆ ಕರೆದೊಯ್ಯುವುದು ಕಷ್ಟವೆಂದುಕೊಂಡು, ಫೋನಿನ ಕ್ಯಾಮೆರಾ ಮುಂದೆ ವ್ಯಾಯಾಮ ಮಾಡಿಸುವ ಆ್ಯಪ್ ಒಂದಕ್ಕೆ ನಾನೇ ಚಂದಾ ಕಟ್ಟಿದೆ. ಕಾಲು ಎಷ್ಟು ಮಡಚಿತು, ಎಷ್ಟು ಬಾರಿ ಎತ್ತಿದರು ಎಂಬುದನ್ನು ಅದು ಚೆನ್ನಾಗಿಯೇ ಎಣಿಸುತ್ತಿತ್ತು.

ತೊಂದರೆ ಇದ್ದದ್ದು ನೋವಿನ ಪ್ರಶ್ನೆಯಲ್ಲಿ. ವ್ಯಾಯಾಮ ಮುಗಿದ ಕೂಡಲೇ 0ಯಿಂದ 10ರವರೆಗಿನ ಒಂದು ಅಂಕಿಯನ್ನು ಒತ್ತುವಂತೆ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. 0 ಎಂದರೆ ನೋವಿಲ್ಲ, 10 ಎಂದರೆ ತಡೆಯಲಾಗದ ನೋವು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಅಮ್ಮ ಅದನ್ನು 10ಕ್ಕೆ ಎಷ್ಟು ಅಂಕ ಎಂದು ತಿಳಿದು, ಕಾಲು ಹೆಚ್ಚು ನೊಂದ ದಿನಗಳಲ್ಲಿ, ಇವತ್ತು ಸರಿಯಾಗಿ ಆಗಲಿಲ್ಲವೆಂದು 2 ಒತ್ತುತ್ತಿದ್ದರು. ನೋವು ಇಳಿದಿದೆಯೆಂದು ಲೆಕ್ಕ ಹಾಕಿದ ಆ್ಯಪ್ ಮರುದಿನ ವ್ಯಾಯಾಮವನ್ನು ಹೆಚ್ಚಿಸುತ್ತಿತ್ತು. ನಾನು ಸಂಜೆ ಕಚೇರಿಯಿಂದ ಬಂದು ಪರದೆಯ ಹಸಿರು ಗುರುತುಗಳನ್ನು ನೋಡಿ ನೆಮ್ಮದಿಯಿಂದ ಇದ್ದುಬಿಟ್ಟೆ.

ಹತ್ತನೆಯ ದಿನ ಅವರ ಮೀನಖಂಡ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿತ್ತು. ಆ್ಯಪಿನಲ್ಲಿ ಬರೆದು ಕೇಳಿದಾಗ, ಐಸ್ ಇಟ್ಟು ಕಾಲನ್ನು ದಿಂಬಿನ ಮೇಲಿರಿಸಿ ಎಂಬ ಸಿದ್ಧ ಉತ್ತರ ಬಂತು. ಅದನ್ನೇ ನಂಬಿ ಒಂದು ರಾತ್ರಿ ಕಳೆದೆವು. ಮರುದಿನ ಶಸ್ತ್ರಚಿಕಿತ್ಸಕರು ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ, ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ತಿಳಿಯಿತು. ವ್ಯಾಯಾಮದಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ಮಂಡಿ ಬದಲಾವಣೆಯ ನಂತರದ ವಾರಗಳಲ್ಲಿ ಇದು ವೈದ್ಯರಿಗೆಲ್ಲ ಗೊತ್ತಿರುವ ಅಪಾಯ. ಆದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು. ಆ ರಾತ್ರಿಯನ್ನು ನೆನೆದರೆ ಇಂದಿಗೂ ನನ್ನ ಎದೆ ನಡುಗುತ್ತದೆ.

ಇಂಥ ಆ್ಯಪ್ ಬಳಸಲೇಬೇಕಾದವರು ನೋವಿನ ಅಂಕಿಯ ಅರ್ಥವನ್ನು ಹಿರಿಯರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಕೆಲವು ದಿನ ಪಕ್ಕದಲ್ಲಿ ಕುಳಿತು ಒತ್ತಿಸಿ. ವ್ಯಾಯಾಮ ಹೆಚ್ಚಿಸುವ ಮುನ್ನ ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿ. ಮೀನಖಂಡ ಊದಿದರೆ, ಕೆಂಪಾದರೆ ಅಥವಾ ಬಿಸಿಯಾದರೆ ಅದೇ ದಿನ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಯುಪಿಐ ಆಟೋಪೇ ಮೂಲಕ ಚಂದಾ ಕಟ್ಟಿದ್ದರೆ, ಆ್ಯಪನ್ನು ಫೋನಿನಿಂದ ತೆಗೆದ ಮಾತ್ರಕ್ಕೆ ಹಣ ಕಡಿತ ನಿಲ್ಲುವುದಿಲ್ಲ. ಅದನ್ನು ಪ್ರತ್ಯೇಕವಾಗಿ ರದ್ದು ಮಾಡಬೇಕು.

ಅಮ್ಮ ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದು, ವಾರಕ್ಕೆ 3 ದಿನ ಸರಸ್ವತಿಪುರಂಗೆ ಆಟೋದಲ್ಲೇ ಫಿಸಿಯೋಥೆರಪಿಗೆ ಹೋಗಿ ಬರುತ್ತಾರೆ.