ನಂದಿ ಏರಿಗೆ ಯಾವ ಹ್ಯಾಂಡಲ್ ಟೇಪ್? ಕಾರ್ಕ್, ಪಿಯು, ಸಿಲಿಕೋನ್, ಬಟ್ಟೆ: ಸುತ್ತಿ ನೋಡಿದ ಹೋಲಿಕೆ

ಚಿಕ್ಕಬಳ್ಳಾಪುರದ ಕಡೆ ಬಾಗು ಹ್ಯಾಂಡಲ್‌ನ ಸೈಕಲ್ ಓಡಿಸುವವರ ಕೈಗೆ ಎರಡು ಥರದ ಕೆಲಸ. ನಂದಿ ಬೆಟ್ಟ ಹತ್ತುವಾಗ ಹ್ಯಾಂಡಲ್‌ನ ಮೇಲಿನ ಅಡ್ಡಭಾಗ ಹಿಡಿದು ತಮ್ಮ ಕಡೆಗೆ ಎಳೆಯುತ್ತಲೇ ಇರಬೇಕು, ಬೆವರು ಮಣಿಕಟ್ಟಿನಿಂದ ಇಳಿದು, ಹಿಡಿತಕ್ಕೆ ಅಂತ ಹ್ಯಾಂಡಲ್ ಮೇಲೆ ಸುತ್ತಿರುವ ಟೇಪಿಗೇ ಸೇರುತ್ತೆ. ಇಳಿಯುವಾಗ ಕೆಳಗಿನ ಬಾಗು ಹಿಡಿದು, ಬ್ರೇಕ್ ಒತ್ತಿಕೊಂಡೇ ತಿರುವಿನ ಮೇಲೆ ತಿರುವು ದಾಟಬೇಕು. ಬೆಟ್ಟ ಬಿಟ್ಟು ಶಿಡ್ಲಘಟ್ಟ, ಗೌರಿಬಿದನೂರು ಕಡೆ ತಿರುಗಿದರೆ ಕೆಮ್ಮಣ್ಣು. ಕ್ರಷರ್ ಇರುವ ಕಡೆ ಕಲ್ಲುಪುಡಿ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಟೇಪಿನ ದಪ್ಪ ಎಷ್ಟು ಅಂತ. ಬೆವರಿಗೆ ಏನಾಗುತ್ತೆ, ಧೂಳಿಗೆ ಏನಾಗುತ್ತೆ ಅನ್ನುವುದನ್ನು ಕೇಳುವುದು ಒಳ್ಳೆಯದು. ದಪ್ಪದ ಲೆಕ್ಕ ಆಮೇಲೆ.

ಹೋಲಿಕೆ ಮಾಡಿದ್ದು ಒಂದೇ ಅಲ್ಯೂಮಿನಿಯಂ ಹ್ಯಾಂಡಲ್ ಮೇಲೆ: 42 ಸೆಂ.ಮೀ. ಅಗಲ, ಹಿಡಿಯುವ ಕಡೆ ಸುಮಾರು 24 ಮಿ.ಮೀ. ದಪ್ಪ.

ಕಾರ್ಕ್ ಟೇಪ್ ಅಂತ ಮಾರುವುದರಲ್ಲಿ ಬಹುಪಾಲು ಇವಿಎ ಅನ್ನುವ ಮೆತ್ತನೆ ಪ್ಲಾಸ್ಟಿಕ್ ಫೋಮ್, ಅದರಲ್ಲಿ ಕಾರ್ಕ್ ಚೂರು ಬೆರೆಸಿರುತ್ತಾರೆ. ದಪ್ಪ 2.5ರಿಂದ 3 ಮಿ.ಮೀ., ಅಗಲ 3 ಸೆಂ.ಮೀ., ಉದ್ದ ಒಂದು ಬದಿಗೆ 2 ಮೀಟರ್ ಆಸುಪಾಸು, ಹಿಂದೆ ಅಂಟಿನ ಪಟ್ಟಿ. ಎಲ್ಲ ಕಡೆ ಸಿಗುತ್ತೆ, ಬೆಲೆ ಕಡಿಮೆ, ಕೈಗೆ ಮೆತ್ತಗೆ, ಬೆವರನ್ನು ಸ್ವಲ್ಪ ಹೀರುತ್ತೆ. ಮೊದಲ ಸಲ ಸುತ್ತುವವರು ಇದನ್ನೇ ತಗೊಳ್ಳಲಿ. ಇದರ ದೌರ್ಬಲ್ಯ ಎರಡು. ಜೋರಾಗಿ ಎಳೆದರೆ ಹರಿಯುತ್ತೆ, ಅದೂ ಸರಿಯಾಗಿ ಬ್ರೇಕ್ ಲಿವರ್ ಕೆಳಗಿನ ಬಾಗಿನ ಹೊರಮೈಯಲ್ಲಿ. ಇನ್ನೊಂದು, ಒಮ್ಮೆ ಅಂಟಿ ಒಂದು ಬೇಸಿಗೆ ಕಳೆದರೆ ಇಡಿಯಾಗಿ ಬಿಚ್ಚಲು ಬರುವುದಿಲ್ಲ. ಅಂಟಿನ ಪಟ್ಟಿ ಹ್ಯಾಂಡಲ್‌ಗೆ, ಫೋಮ್ ಚೂರುಚೂರಾಗಿ ಕೈಗೆ. ಟೇಪಿನ ಅಡಿಯಲ್ಲಿ ಹಾದುಹೋಗುವ ಕೇಬಲ್ ಬದಲಿಸಬೇಕಾದರೆ ಹೊಸ ಟೇಪಿನ ಖರ್ಚು ಸೇರಿಸಿಯೇ ಲೆಕ್ಕ ಹಾಕಬೇಕು. ಉಳಿದ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ತೆಗೆಯುತ್ತಾರಲ್ಲ, ಅದರ ಮೇಲೆ ಸ್ಪಿರಿಟ್‌ನಿಂದ ಒರೆಸಲೇಬೇಕು. ಎಣ್ಣೆ ಪಸೆ ಇದ್ದರೆ ಹೊಸ ಟೇಪು ಹಿಡಿಯದೆ ಜಾರಿ ಸುತ್ತಿನ ನಡುವೆ ಬಾಯಿ ಬಿಡುತ್ತೆ.

ಪಿಯು, ಅಂದರೆ ಪಾಲಿಯುರೆಥೇನ್ ಟೇಪ್, ನೋಡಲು ರೆಕ್ಸಿನ್ ಥರ. ಲಿಝರ್ಡ್ ಸ್ಕಿನ್ಸ್ ಕಂಪನಿಯ ಡಿಎಸ್‌ಪಿ ಟೇಪ್ 1.8, 2.5, 3.2 ಮಿ.ಮೀ. ದಪ್ಪಗಳಲ್ಲಿ ಬರುತ್ತೆ, ಅದಕ್ಕಿಂತ ಅಗ್ಗದವೂ ಬೇಕಾದಷ್ಟಿವೆ. ಒದ್ದೆ ಕೈಗೆ ಇದು ಕೊಡುವ ಹಿಡಿತ ಕಾರ್ಕ್ ಕೊಡುವುದಿಲ್ಲ. ಏಪ್ರಿಲ್‌ನಲ್ಲಿ ಬೆಳಿಗ್ಗೆ ತಡವಾಗಿ ಬೆಟ್ಟ ಹತ್ತಿದವರಿಗೆ ವ್ಯತ್ಯಾಸ ಹೇಳಬೇಕಾಗಿಲ್ಲ. ಎಳೆದರೆ ಹಿಗ್ಗುತ್ತೆ, ಹರಿಯುವುದಿಲ್ಲ, ಆದ್ದರಿಂದ ಬಾಗುಗಳಲ್ಲಿ ಸುಕ್ಕಿಲ್ಲದೆ ಕೂರುತ್ತೆ. ಆದರೆ ಇದು ಬೆವರು ಹೀರುವುದಿಲ್ಲ. ಬೆವರು ಸುತ್ತಿನ ಸಂದಿಯಿಂದ ಒಳಗೆ ಇಳಿದು ಅಲ್ಲೇ ನಿಲ್ಲುತ್ತೆ. ಒಂದು ವರ್ಷ ಬಿಟ್ಟು ಬಿಚ್ಚಿದರೆ ಅಲ್ಯೂಮಿನಿಯಂ ಮೇಲೆ, ಮುಖ್ಯವಾಗಿ ಕೇಬಲ್ ಹಾದು ಹೋಗುವ ಗೆರೆಯ ಪಕ್ಕ, ಬಿಳಿ ಪುಡಿ ಕಟ್ಟಿರುತ್ತೆ. ಅದು ಬೆವರಿನ ಉಪ್ಪು ಲೋಹವನ್ನು ತಿಂದ ಗುರುತು. ಒರೆಸಿದಾಗ ಮೈ ನುಣ್ಣಗಿದ್ದರೆ ಸರಿ. ಉಗುರಿಗೆ ಸಿಗುವಂಥ ಗುಳಿ ಬಿದ್ದಿದ್ದರೆ ಆ ಹ್ಯಾಂಡಲ್ ಬದಲಿಸಿ. ಟೇಪ್ ಚೆನ್ನಾಗಿಯೇ ಇದ್ದರೂ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಅನ್ನುವುದು ಇದಕ್ಕೇ.

ಸಿಲಿಕೋನ್ ಟೇಪಿಗೆ ಅಂಟೇ ಇಲ್ಲ, ತನ್ನ ಮೇಲೆ ತಾನೇ ಹಿಡಿದುಕೊಳ್ಳುತ್ತೆ. ಹದಗೆಟ್ಟ ರಸ್ತೆಯ ನಡುಕ ನುಂಗುವುದರಲ್ಲಿ ನಾಲ್ಕರಲ್ಲಿ ಇದೇ ಮುಂದೆ. ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು, ಮತ್ತೆ ಸುತ್ತಬಹುದು. ತೊಳೆಯಲೂ ಬೇಕು, ಯಾಕೆಂದರೆ ಮಣ್ಣುರಸ್ತೆಯ ಒಂದು ಸುತ್ತಿಗೆ ಮೈಯೆಲ್ಲ ಧೂಳು ಮೆತ್ತಿಕೊಂಡು ಹಿಡಿತ ಅರ್ಧಕ್ಕಿಳಿಯುತ್ತೆ. ಕತ್ತರಿಸುವಾಗ ಬ್ಲೇಡ್ ತಪ್ಪಿ ಅಂಚಿನಲ್ಲಿ ಸಣ್ಣ ಗೀರು ಬಿದ್ದರೂ ಎಳೆದಾಗ ಅಲ್ಲಿಂದ ಸೀಳುತ್ತೆ. ಕೊನೆಗೆ ಹಾಕುವ ಇನ್ಸುಲೇಷನ್ ಟೇಪ್ ಸಿಲಿಕೋನ್‌ಗೆ ಅಂಟುವುದಿಲ್ಲ. ಹಾಗಾಗಿ ಆ ಟೇಪಿನ ಅರ್ಧ ಅಗಲ ಬರಿ ಹ್ಯಾಂಡಲ್ ಮೇಲೆ ಬೀಳುವಂತೆ ಸುತ್ತಬೇಕು. ಇಲ್ಲದಿದ್ದರೆ ಎರಡೇ ದಿನದಲ್ಲಿ ಬಳೆಯಂತೆ ಜಾರಾಡುತ್ತೆ. ಬೆಲೆಯೂ ಹೆಚ್ಚು.

ಬಟ್ಟೆ ಟೇಪ್ ಹಳೇ ಸ್ಟೀಲ್ ಸೈಕಲ್‌ಗೆ ಒಪ್ಪುತ್ತೆ. ಹತ್ತಿಯದು, 2 ಸೆಂ.ಮೀ. ಅಗಲ, ಮೆತ್ತೆ ಇಲ್ಲವೇ ಇಲ್ಲ. ಮರಗೆಲಸದವರು ಬಳಸುವ ಫ್ರೆಂಚ್ ಪಾಲಿಷ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಎರಡು ಮೂರು ಕೈ ಹಚ್ಚಿ ಒಣಗಿಸಿದರೆ ಗಟ್ಟಿಯಾಗಿ, ನೀರು ತಾಳುತ್ತೆ, ಬಣ್ಣವೂ ಒಂದೆರಡು ಛಾಯೆ ಕಪ್ಪಾಗುತ್ತೆ. ಹಚ್ಚದೆ ಬಿಟ್ಟರೆ ಬೆವರಿನ ಕರೆ ಹೋಗುವುದಿಲ್ಲ. ಚೆಂದಕ್ಕೆ ಸರಿ, ದೂರದ ಸವಾರಿಗೆ ಬೇಡ.

ಇನ್ನೊಂದು ದಾರಿ ಟೆನಿಸ್ ರ‍್ಯಾಕೆಟ್‌ನ ಓವರ್‌ಗ್ರಿಪ್. ರ‍್ಯಾಕೆಟ್ ಹಿಡಿಗೆ ಸುತ್ತುವ ತೆಳು ಪಟ್ಟಿ ಇದು, ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪ, 2.5 ಸೆಂ.ಮೀ. ಅಗಲ, ಉದ್ದ 1.1 ಮೀಟರ್ ಸುಮಾರು. ಒಂದು ಬದಿಗೆ ಎರಡು ಬೇಕು, ಒಟ್ಟು ನಾಲ್ಕು. ಮೂರರ ಪ್ಯಾಕ್ ತಂದು ಒದ್ದಾಡಬೇಡಿ. ಮೊದಲನೆಯದು ಲಿವರ್ ಹತ್ತಿರ ಮುಗಿದು ಎರಡನೆಯದು ಅಲ್ಲೇ ಶುರುವಾದರೆ ಗಂಟು ಲಿವರ್ ಬುಡಕ್ಕೆ ಹೊದಿಸಿರುವ ರಬ್ಬರ್ ಹುಡ್ ಅಡಿಯಲ್ಲಿ ಮುಚ್ಚಿಹೋಗುತ್ತೆ. ಸವೆದ ಕಾರ್ಕ್ ಮೇಲೆ ಇದನ್ನು ಸುತ್ತಿದರೆ ಒಂದಷ್ಟು ತಿಂಗಳು ನಡೆಯುತ್ತೆ. ಹಳೇ ಟ್ಯೂಬ್ ಸೀಳಿ ಸುತ್ತುವುದು ಮಾತ್ರ ಬೇಡ. ಬಿಸಿಲಿಗೆ ಕಾದು ಕೈಯೆಲ್ಲ ಕಪ್ಪು.

ಯಾವ ಟೇಪಾದರೂ ಕೆಡುವುದು ಸುತ್ತುವ ಲೆಕ್ಕದಲ್ಲಿ. ಅರ್ಧಕ್ಕರ್ಧ ಮೇಲೆ ಬರುವಂತೆ ಸುತ್ತಿ ಅಂತ ಹೇಳುವವರಿದ್ದಾರೆ. 2 ಮೀಟರ್ ಟೇಪಿಗೆ ಅದು ಆಗದ ಮಾತು. 24 ಮಿ.ಮೀ. ಹ್ಯಾಂಡಲ್‌ಗೆ ಟೇಪಿನ ದಪ್ಪ ಸೇರಿ ಒಂದು ಸುತ್ತಿಗೆ ಸುಮಾರು 8 ಸೆಂ.ಮೀ. ಖರ್ಚು, ಅಂದರೆ ಒಟ್ಟು 25 ಸುತ್ತು. ಹ್ಯಾಂಡಲ್‌ನ ಒಂದು ಬದಿ ಸುಮಾರು 60 ಸೆಂ.ಮೀ. ಪ್ರತಿ ಸುತ್ತೂ 2.4 ಸೆಂ.ಮೀ. ಮುಂದೆ ಹೋದರಷ್ಟೇ ಸ್ಟೆಮ್, ಅಂದರೆ ಹ್ಯಾಂಡಲನ್ನು ನಡುವೆ ಹಿಡಿದಿಡುವ ಭಾಗದ ಹತ್ತಿರ ತಲುಪುತ್ತೆ. 3 ಸೆಂ.ಮೀ. ಅಗಲದಲ್ಲಿ ಸುತ್ತಿನ ಮೇಲೆ ಸುತ್ತು ಬರುವುದು 6 ಮಿ.ಮೀ. ಅಷ್ಟೇ. ಹಿಗ್ಗುವ ಪಿಯು ಆದರೆ 8, 9 ಮಿ.ಮೀ. ಸಿಗಬಹುದು. ಬಾಗಿನ ಒಳಮೈಯಲ್ಲಿ ಇದು ತಾನೇ ಜಾಸ್ತಿಯಾಗುತ್ತೆ, ಹೊರಮೈಯಲ್ಲಿ ಕಡಿಮೆಯಾಗುತ್ತೆ. ಕಣ್ಣಿಡಬೇಕಾದ್ದು ಹೊರಮೈ ಕಡೆ.

ಶುರು ಯಾವಾಗಲೂ ಕೆಳಗಿನ ತುದಿಯಿಂದ. ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತರೆ, ಕೈ ಮೇಲಿಂದ ಹುಡ್ ಕಡೆ ಜಾರಿದಾಗ ಅಂಚು ಮಗುಚುವುದಿಲ್ಲ. ಸ್ಟೆಮ್‌ನಿಂದ ಶುರು ಮಾಡಿದ ಟೇಪಿನ ಅಂಚು ಸುರುಳಿ ಸುತ್ತಿಕೊಳ್ಳುವುದು ಇದೇ ಕಾರಣಕ್ಕೆ. ಇನ್ನು ದಿಕ್ಕು. ಕೆಳಬಾಗಿನಲ್ಲಿ ಕೈ ಹೊರಕ್ಕೆ ತಿರುಚುತ್ತೆ, ಆದ್ದರಿಂದ ಟೇಪ್ ಮೇಲ್ಮೈಯಲ್ಲಿ ಒಳಗಿನಿಂದ ಹೊರಕ್ಕೆ ಹೋಗಬೇಕು. ಮೇಲಿನ ಅಡ್ಡಭಾಗದಲ್ಲಿ ಕೈ ನಮ್ಮ ಕಡೆ ಎಳೆಯುತ್ತೆ, ಅಲ್ಲಿ ಟೇಪ್ ಮುಂದಿನಿಂದ ನಮ್ಮ ಕಡೆಗೆ ಬರಬೇಕು. ಸುಮ್ಮನೆ ಸುತ್ತುತ್ತ ಹೋದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಲಿವರ್ ಹತ್ತಿರ ಇಂಗ್ಲಿಷ್ ಎಂಟರ ಆಕಾರದಲ್ಲಿ ಹಾಯಿಸಿ ದಿಕ್ಕು ತಿರುಗಿಸಬೇಕು. ಅದು ಕೈಗೆ ಕೂರದಿದ್ದರೆ ಕೆಳಗಡೆ ಹೊರಗಿನಿಂದ ಒಳಕ್ಕೆ ಶುರು ಮಾಡಿ, ಮೇಲಿನದಾದರೂ ಸರಿಬರಲಿ. ಬೆಟ್ಟ ಹತ್ತುವವರಿಗೆ ಮೇಲಿನದೇ ಮುಖ್ಯ.

ನಮ್ಮ ಮತ ಈ ಕಡೆಯ ರಸ್ತೆಗೆ 2.5 ಮಿ.ಮೀ. ಪಿಯು. ಅದರ ಅಡಿಯಲ್ಲಿ, ಅಡ್ಡಭಾಗದ ಮೇಲ್ಮೈಗೆ ಮಾತ್ರ, ಹಳೇ ಕಾರ್ಕ್ ಟೇಪಿನ 12 ಸೆಂ.ಮೀ. ತುಂಡನ್ನು ಉದ್ದುದ್ದಕ್ಕೆ ಅಂಟಿಸಿ. ಬೇಕಾದಲ್ಲಿ ಮೆತ್ತೆ, ಉಳಿದ ಕಡೆ ಹಿಡಿತ. ಕೈ ಸಣ್ಣದಿದ್ದವರಿಗೆ 3 ಮಿ.ಮೀ. ಮೇಲಿನ ಟೇಪ್ ಬೇಡವೇ ಬೇಡ. ಇಳಿಜಾರಿನಲ್ಲಿ ಬೆರಳು ಲಿವರ್‌ಗೆ ನಿಲುಕುವುದೇ ಕಷ್ಟವಾಗುತ್ತೆ. ಮಣ್ಣುರಸ್ತೆಯೇ ಹೆಚ್ಚಾಗಿ, ತೊಳೆಯುವ ತಾಳ್ಮೆಯೂ ಇದ್ದರೆ ಸಿಲಿಕೋನ್.

ಸುತ್ತಲು ಶುರು ಮಾಡುವಾಗ ಟೇಪಿನ ತುದಿಯನ್ನು ಒಂದು ಸೆಂಟಿಮೀಟರ್ ಹೊರಗೆ ಬಿಟ್ಟು ಕೊಳವೆಯೊಳಗೆ ಮಡಚಿ ತುರುಕಿ, ಅದರ ಮೇಲೆ ಕೊಳವೆಯ ಬಾಯಿ ಮುಚ್ಚುವ ಎಂಡ್ ಪ್ಲಗ್ ಒತ್ತಿ. ಅಂಗೈಯಿಂದ ಎರಡು ಏಟು ಕೊಟ್ಟರೆ ಕೂರುವಷ್ಟು ಬಿಗಿ ಇರಬೇಕು. ಸಡಿಲವಿದ್ದರೆ ಒಳಗೆ ಟೇಪಿನ ಇನ್ನೊಂದು ತುಂಡು ಸೇರಿಸಿ. ಪ್ಲಗ್ ಬಿದ್ದುಹೋದ ಹ್ಯಾಂಡಲ್ ಮೇಲೆ ಬಿದ್ದರೆ ತೆರೆದ ಕೊಳವೆ ಹೊಟ್ಟೆಗೋ ತೊಡೆಗೋ ಆಳವಾಗಿ ಕೊರೆಯುತ್ತೆ, ಹಾಗಾಗಿ ಪ್ಲಗ್ ಇಲ್ಲದೆ ಬೆಟ್ಟಕ್ಕೆ ಹೊರಡಬೇಡಿ.