ಜಪದ ಕೋಣೆಗೆ ಗಿಡ ಕೇಳಿದರೆ ತುಳಸಿ ಕೊಡದ ನರ್ಸರಿ

ಶಿವಮೊಗ್ಗ ಪೇಟೆ ಮುಗಿಯುವಲ್ಲಿ ಇರುವ ಸಣ್ಣ ನರ್ಸರಿ ಇದು. ಮುಂದೆಲ್ಲ ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ. ಪರಿಮಳದ ಗಿಡಗಳು ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿವೆ. ಕೇಳದಿದ್ದರೆ ಕಣ್ಣಿಗೆ ಬೀಳುವುದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಬೆಳಗ್ಗೆ ಜಪಕ್ಕೆ, ಪ್ರಾಣಾಯಾಮಕ್ಕೆ ಕೂರುವ ಕೋಣೆಗೆ ಪೂರ್ವಕ್ಕೆ ಒಂದೇ ಕಿಟಕಿ, ಅದಕ್ಕೂ ಮಾಡು ಅಡ್ಡ. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ಊದುಬತ್ತಿ ಹಚ್ಚಿದರೆ ಅತ್ತೆಯವರಿಗೆ ಕೆಮ್ಮು ಶುರುವಾಗುತ್ತದೆ. ಉಸಿರಾಟದ ಸಾಧನೆಗೆ ಕೂತವರು ಹೊಗೆ ಎಳೆದುಕೊಳ್ಳುವುದೂ ನನಗೆ ಸರಿ ಕಾಣುತ್ತಿರಲಿಲ್ಲ. ಹೊಗೆಯಿಲ್ಲದ ಪರಿಮಳ ಬೇಕಿತ್ತು.

ತುಳಸಿ, ದವನ ಕೇಳಿದೆ. ಯಜಮಾನರು ಗಿಡಕ್ಕೆ ಕೈಹಾಕುವ ಮೊದಲು ಕಿಟಕಿ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಂತ ವಿಚಾರಿಸಿದರು. "ಅಮ್ಮಾ, ಒಳಗಿಡೋದಾದ್ರೆ ತುಳಸಿ ತಗೊಂಡು ಹೋಗ್ಬೇಡಿ. ಅದು ಅಂಗಳದ ಗಿಡ. ಬಿಸಿಲಿಲ್ಲ ಅಂದ್ರೆ ಬರೀ ಕಡ್ಡಿ ಆಗತ್ತೆ" ಅಂದರು. ದವನಕ್ಕೂ ಅದೇ ಮಾತು: ಅದಕ್ಕೆ ಒಣ ಹವೆ, ಚಳಿಗಾಲದ ಬಿಸಿಲು ಬೇಕು, ಆಗುಂಬೆ ಮಗ್ಗುಲಿನ ಮಳೆಯಲ್ಲಿ ಬೇರು ಕೊಳೆಯುತ್ತದೆ. ಚೈತ್ರದ ದವನದ ಹುಣ್ಣಿಮೆಗೆ ಬೇಕಿದ್ದರೆ ಹೂವಿನ ಅಂಗಡಿಯಲ್ಲೇ ಕಟ್ಟು ತಗೊಳ್ಳಿ ಅಂದರು. ಮಾರಲು ಕೂತವರು ಬಂದ ಗಿರಾಕಿಗೆ ಹೀಗೆ ಹೇಳುವುದು ಅಪರೂಪ. ನಾನು ಇದನ್ನು ಬರೆಯಲು ಕೂತಿದ್ದೇ ಅದಕ್ಕೆ.

ಅವರು ಎತ್ತಿಕೊಟ್ಟದ್ದು ಪಚ್ಚೆತೆನೆ, ಪಚೋಲಿ ಅಂತಾರಲ್ಲ ಅದು. ಕುಂಡವಿಲ್ಲದೆ 60 ರೂಪಾಯಿ. ಅರೆನೆರಳು, ಸೆಕೆ, ತೇವ ಇದಕ್ಕೆ ಒಗ್ಗುತ್ತವೆ. ಮಲೆನಾಡಿನ ಮನೆಗೆ ಇದಕ್ಕಿಂತ ಹೊಂದುವ ಗಿಡ ನನಗೆ ಗೊತ್ತಿಲ್ಲ. ಕುಂಡ ತಂದಿಟ್ಟ ಮಾತ್ರಕ್ಕೆ ಕೋಣೆಯೆಲ್ಲ ಘಮಘಮ ಅನ್ನುತ್ತದೆ ಅಂತ ಕಾಯಬೇಡಿ. ಪರಿಮಳದ ಎಣ್ಣೆ ಎಲೆಯೊಳಗಿರುತ್ತದೆ, ಉಜ್ಜಿದರೆ ಹೊರಗೆ ಬರುತ್ತದೆ. ಹಸಿ ಎಲೆಗಿಂತ ನೆರಳಲ್ಲಿ ಒಣಗಿಸಿದ್ದು ಜೋರು. ನಾನು ತುದಿಯ ಎಲೆಗಳನ್ನು ಜೋಡಿ ಜೋಡಿಯಾಗಿ ಚಿವುಟುತ್ತೇನೆ. ಚಿವುಟಿದಲ್ಲಿ ಎರಡು ಕವಲೊಡೆದು ಗಿಡ ಪೊದೆ ಕಟ್ಟುತ್ತದೆ. ಮೊರದಲ್ಲಿ ಹರಡಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಎಂಥ ಮಳೆಯಲ್ಲೂ ಗರಿಗರಿಯಾಗುತ್ತದೆ. ಆಗ ಬರುವ ವಾಸನೆ, ಮೊದಲ ಮಳೆ ಬಿದ್ದ ಮಣ್ಣಿಗೆ ಚೂರು ಕರ್ಪೂರ ಬೆರೆಸಿದ ಹಾಗೆ. ಆ ಎಲೆಗಳನ್ನು ಹಿತ್ತಾಳೆ ಬಟ್ಟಲಿಗೆ ಹಾಕಿ ಮಣೆಯ ಪಕ್ಕ ಇಟ್ಟುಕೊಂಡಿದ್ದೇನೆ. ಕೂರುವ ಮೊದಲು ಒಂದೆಲೆ ಬೆರಳಲ್ಲಿ ಪುಡಿಮಾಡಿ ನಿಧಾನ ಉಸಿರೆಳೆದರೆ ಸಾಕು, ಅಡುಗೆಮನೆಯ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಮಣಿ ಸರಿಸುವಾಗಲೂ ಬೆರಳಲ್ಲಿ ಆ ಪರಿಮಳ ಇದ್ದೇ ಇರುತ್ತದೆ. ಊದುಬತ್ತಿಯಲ್ಲಿ ನನಗೆ ಇದು ಸಿಕ್ಕಿರಲಿಲ್ಲ.

ಜೊತೆಗೆ ದೊಡ್ಡಪತ್ರೆ, ಮರುಗ ತಂದೆ. ದೊಡ್ಡಪತ್ರೆಗೆ ನೀರು ಕಮ್ಮಿ ಹಾಕಿದಷ್ಟೂ ಒಳ್ಳೆಯದು, ತಂಬುಳಿಗೂ ಆಯಿತು. ಮರುಗವನ್ನು ಕಿಟಕಿಗೆ ಒತ್ತಿಕೊಂಡೇ ಇಡಬೇಕು, ಮಳೆಗಾಲದಲ್ಲಿ ಸ್ವಲ್ಪ ಸೊರಗುತ್ತದೆ. ಲಾವಂಚ ಕೇಳಿದ್ದಕ್ಕೆ, ಅದರ ಪರಿಮಳ ಇರೋದು ಬೇರಲ್ಲಿ, ಗಿಡ ಸಾಕಿ ಏನು ಮಾಡ್ತೀರಿ, ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಬೇರು ಕೇಳಿ ಅಂತ ಕಳಿಸಿದರು.

ಬೆಂಗಳೂರಿನ ತಂಗಿ ಹಿಂದೊಮ್ಮೆ 'ಧ್ಯಾನದ ಕಿಟ್' ಅಂತ ಆನ್‌ಲೈನಿನಲ್ಲಿ ತರಿಸಿ ಕಳಿಸಿದ್ದಳು. ಒಳಗೆ ಲ್ಯಾವೆಂಡರ್, ರೋಸ್‌ಮೇರಿ ಬೀಜ. ಮೆಡಿಟರೇನಿಯನ್ ಕಡೆಯ ಒಣ ಗುಡ್ಡದ ಗಿಡಗಳವು, ನಮ್ಮ ಆಷಾಢದಲ್ಲಿ ಕತ್ತಲೆ ಕೋಣೆಯೊಳಗೆ ಹೇಗೆ ಬದುಕಬೇಕು? ಮಾರುವವರು ಇದನ್ನು ಡಬ್ಬದ ಮೇಲೆ ಬರೆಯಬೇಕಿತ್ತು.

ನರ್ಸರಿಯ ಮೇಲೂ ಒಂದು ದೂರು ಇದೆ. ಅಲ್ಲಿ ಮಾರುವ ಚೆಂದದ ಪಿಂಗಾಣಿ ಕುಂಡಗಳ ತಳದಲ್ಲಿ ತೂತೇ ಇಲ್ಲ. ಮನೆಯೊಳಗಿನ ಗಿಡ ಸಾಯುವುದು ಹೆಚ್ಚಾಗಿ ನೀರು ನಿಂತು, ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಮಣ್ಣಿನ ಕುಂಡವನ್ನೇ ಕೇಳಿ. ಚೀಲದಲ್ಲಿ ಕೊಡುವ ಮಣ್ಣೂ ಬರೀ ಕೆಂಪುಮಣ್ಣು, ನೀರು ಬಸಿಯುವುದಿಲ್ಲ. ನಾನು ಅದಕ್ಕೆ ಸಮಸಮ ಹೊಳೆಮರಳು, ಒಣಗಿದ ಸಗಣಿ ಗೊಬ್ಬರ ಬೆರೆಸಿದೆ. ಬೆರಳು ಚುಚ್ಚಿ ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು. ಎಲೆ ಬುಡದಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕದಡಿ ಒರೆಸಿ. ಆದರೆ ಆ ಎಲೆಗಳನ್ನು ಸ್ವಲ್ಪ ದಿನ ಮೂಸಲು, ತಂಬುಳಿಗೆ ತೆಗೆಯಬೇಡಿ.

ಬಸ್ಸಿನಲ್ಲಿ ಹೋಗುವವರು ಅಗಲ ಬಾಯಿಯ ಚೀಲ ಒಯ್ಯಿರಿ, ಅವರು ಕೊಡುವ ತೆಳು ಕವರಿನಲ್ಲಿ ಮರುಗದ ರೆಂಬೆ ಮುರಿಯುತ್ತವೆ. ಪಚ್ಚೆತೆನೆ ಒಂದೇ ಸಾಕು; ಅದರ ಕಡ್ಡಿ ಒದ್ದೆ ಮರಳಿಗೆ ಊರಿದರೆ ಬೇರು ಬಿಡುತ್ತದೆ, ಅಕ್ಕಪಕ್ಕದ ಮನೆಗೂ ಕೊಡಬಹುದು.