ಜೂಜಿನಲ್ಲಿ ಶಿಸ್ತು ಕಲಿಸುತ್ತೇವೆ ಎನ್ನುವವರ ಬಗ್ಗೆ ಎಚ್ಚರವಿರಲಿ

ಜೂಜಿನ ಚಟ ಬಲವಾಗಿ ಹಿಡಿದಿರುವವರಿಗೆ ‘ಬಿಡುವುದೇನೂ ಬೇಡ, ಶಿಸ್ತಿನಿಂದ ಆಡಿದರೆ ಸಾಕು’ ಎಂಬ ಮಾತಿನಷ್ಟು ಹಿತವಾದದ್ದು ಇನ್ನೊಂದಿಲ್ಲ. ಇದೇ ಮಾತನ್ನು ಬಂಡವಾಳ ಮಾಡಿಕೊಂಡಿದ್ದ ಒಬ್ಬ ತರಬೇತುದಾರರ ಗುಂಪಿಗೆ ನಾನು ಶುಲ್ಕ ಕೊಟ್ಟು ಸೇರಿದ್ದೆ. ಅದೇ ದಾರಿ ಹಿಡಿಯಲು ಯೋಚಿಸುತ್ತಿರುವವರಿಗೆ ತಿಳಿದಿರಲಿ ಎಂದು ಅಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಮೊದಲು ಹೇಳಿಕೊಟ್ಟದ್ದೆಲ್ಲ ವಿವೇಕದ ಮಾತೇ ಆಗಿತ್ತು. ಆಡುವ ಹಣವನ್ನು ಮನೆಖರ್ಚಿನಿಂದ ಬೇರೆ ಇಡಬೇಕು, ಒಂದು ಬಾಜಿಗೆ ಅದರ ಶೇಕಡಾ 2ಕ್ಕಿಂತ ಹೆಚ್ಚು ಹಾಕಬಾರದು, ಸಿಟ್ಟಿನಲ್ಲಿದ್ದಾಗ ಆಡಬಾರದು, ಪ್ರತಿಯೊಂದು ಬಾಜಿಯನ್ನೂ ಬರೆದಿಡಬೇಕು ಎಂದರು. ಇವು ಸೋಲಿನ ವೇಗವನ್ನು ತಗ್ಗಿಸಬಲ್ಲವೇ ಹೊರತು ಸೋಲನ್ನು ಗೆಲುವಾಗಿಸಲಾರವು ಎಂಬುದನ್ನು ಮಾತ್ರ ಹೇಳಲಿಲ್ಲ. ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆಂದು ಬಾಜಿ ಕಟ್ಟುವ ಆಟ ರೂಲೆಟ್. ಅದರ ಯುರೋಪಿಯನ್ ಚಕ್ರದಲ್ಲಿ 37 ಮನೆಗಳಿದ್ದರೂ, ಒಂದೇ ಸಂಖ್ಯೆಯ ಮೇಲೆ ಹಾಕಿ ಗೆದ್ದವರಿಗೆ ಸಿಗುವ ಲಾಭ 35 ಪಟ್ಟು ಮಾತ್ರ. ಹೀಗಾಗಿ ಹಾಕಿದ ಪ್ರತಿ ನೂರರಲ್ಲಿ ಸರಾಸರಿ 2.7ರಷ್ಟು ಆಟ ನಡೆಸುವವರ ಪಾಲಾಗುತ್ತದೆ. ಎರಡು ಸೊನ್ನೆಗಳಿರುವ ಅಮೆರಿಕನ್ ಚಕ್ರದಲ್ಲಿ ಈ ಪಾಲು 5.26. ಎಷ್ಟೇ ಅಚ್ಚುಕಟ್ಟಾಗಿ ಲೆಕ್ಕ ಬರೆದರೂ ಇದು ಕಡಿಮೆಯಾಗುವುದಿಲ್ಲ.

ನನ್ನ ಹಣ ಕರಗತೊಡಗಿದಾಗ, ಇನ್ನಷ್ಟು ಶುಲ್ಕ ಪಡೆದು, ಹೋದದ್ದನ್ನು ಮರಳಿ ಪಡೆಯುವ ‘ಮುಂದಿನ ಹಂತ’ವನ್ನು ಕಲಿಸಿದರು. ಅದು ಸೋತಾಗಲೆಲ್ಲ ಬಾಜಿಯನ್ನು ಇಮ್ಮಡಿಗೊಳಿಸುವ ಹಳೆಯ ಉಪಾಯವೇ ಆಗಿತ್ತು. ಗೆದ್ದರೆ ಹಾಕಿದಷ್ಟೇ ಲಾಭ ಸಿಗುವ, ಕೆಂಪು-ಕಪ್ಪಿನಂಥ ಬಾಜಿಯಲ್ಲಿ 1ರಿಂದ ಆರಂಭಿಸಿ ಸತತವಾಗಿ 10 ಬಾರಿ ಸೋತರೆ 1,023 ಹೋಗಿರುತ್ತದೆ. 11ನೇ ಬಾರಿ 1,024 ಹಾಕಬೇಕು. ಅದನ್ನು ಗೆದ್ದರೂ ಒಟ್ಟು ಲಾಭ ಬರೀ 1. ಹತ್ತು ಸಲ ಒಂದೇ ಸಮನೆ ಸೋಲುವುದುಂಟೇ ಎನ್ನುವವರು 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ರೂಲೆಟ್ ಚೆಂಡು ಸತತ 26 ಬಾರಿ ಕಪ್ಪು ಮನೆಗೇ ಬಿದ್ದದ್ದನ್ನು, ಇನ್ನು ಕೆಂಪು ಬಂದೇ ಬರುತ್ತದೆಂದು ಹಣ ಸುರಿದವರು ಕಳೆದುಕೊಂಡದ್ದನ್ನು ನೆನೆಯಬೇಕು. ಈ ಲೆಕ್ಕವನ್ನು ಮುಂದಿಟ್ಟಾಗ ಬಂದ ಉತ್ತರ, ‘ನಿಮ್ಮಲ್ಲಿ ಶಿಸ್ತು ಸಾಲದು’ ಎಂಬುದು. ಗೆದ್ದರೆ ವಿಧಾನದ ಹಿರಿಮೆ, ಸೋತರೆ ಶಿಷ್ಯನ ದೌರ್ಬಲ್ಯ. ಇಂಥ ಪಾಠವನ್ನು ಯಾರೂ ಸುಳ್ಳೆಂದು ಸಾಬೀತುಪಡಿಸಲಾಗದು.

ಆಡುವ ಜಾಲತಾಣವನ್ನೂ ಅವರೇ ಸೂಚಿಸಿದ್ದರು, ತಾವು ಕಳಿಸಿದ ಲಿಂಕ್ ಮೂಲಕವೇ ಖಾತೆ ತೆರೆಯಬೇಕೆಂದು ಒತ್ತಾಯಿಸಿದ್ದರು. ಕಾರಣ ಬಹಳ ತಡವಾಗಿ ಗೊತ್ತಾಯಿತು. ಪರಿಚಯದವರನ್ನು ಕರೆತಂದರೆ ನನಗೂ ಕಮಿಷನ್ ಸಿಗುವುದೆಂದು ವಿವರಿಸುತ್ತ, ಹಾಗೆ ಸೇರಿದವರು ಕಳೆದುಕೊಳ್ಳುವ ಹಣದಲ್ಲಿ ಇಂತಿಷ್ಟು ಪಾಲು ಬರುತ್ತದೆ ಎಂದು ಅವರೇ ಬಾಯಿಬಿಟ್ಟರು. ನಾನು ಸೋತಷ್ಟೂ ನನ್ನ ಗುರುವಿಗೆ ಆದಾಯ! ಶುಲ್ಕವನ್ನು ಹಿಂದಿರುಗಿಸಲು ಕೇಳಿದ ಕೂಡಲೇ ಗುಂಪಿನಿಂದ ನನ್ನನ್ನು ಹೊರಹಾಕಲಾಯಿತು.

ಆ ಜಾಲತಾಣದ ವ್ಯವಸ್ಥೆಯೂ ಇದಕ್ಕೆ ತಕ್ಕಂತೆಯೇ ಇತ್ತು. ಗೆದ್ದ ಹಣವನ್ನು ವಿತ್‌ಡ್ರಾ ಮಾಡಲು ಕೋರಿದರೆ ಅದು ದಿನಗಟ್ಟಲೆ ಬಾಕಿ ಇರುತ್ತಿತ್ತು, ಕೋರಿಕೆಯನ್ನು ರದ್ದುಪಡಿಸುವ ಗುಂಡಿ ಕಣ್ಣೆದುರೇ ಇರುತ್ತಿತ್ತು, ಸರಿಯಾಗಿ ಆ ಹೊತ್ತಿಗೇ ಬೋನಸ್ಸಿನ ಸಂದೇಶವೂ ಬರುತ್ತಿತ್ತು. ಬೋನಸ್ ಎಂದರೆ ಪುಕ್ಕಟೆ ಹಣವಲ್ಲ. 100ರ ಬೋನಸ್ ಕೈಗೆ ಬರಬೇಕಾದರೆ ಅದರ 30 ಪಟ್ಟು ಆಡಬೇಕೆಂಬ ಷರತ್ತಿದ್ದರೆ 3,000ದಷ್ಟು ಬಾಜಿ ಕಟ್ಟಬೇಕು. ಆಟ ನಡೆಸುವವರ ಪಾಲು ಶೇಕಡಾ 4 ಇರುವ ಆಟದಲ್ಲಿ ಅಷ್ಟರೊಳಗೆ ಸರಾಸರಿ 120 ಹೋಗಿರುತ್ತದೆ.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯು ಜೂಜಿನ ಚಟವನ್ನು ಮದ್ಯ ಮತ್ತು ಮಾದಕವಸ್ತುಗಳ ವ್ಯಸನಗಳ ಜೊತೆಗೇ ಸೇರಿಸಿತು. ಹತೋಟಿಗೆ ಪದೇಪದೇ ಯತ್ನಿಸಿ ವಿಫಲರಾಗುವುದು, ಕಳೆದದ್ದನ್ನು ಮರಳಿ ಗಳಿಸಲು ಮತ್ತೆ ಆಟಕ್ಕೆ ಹೋಗುವುದು ಅದರ ಲಕ್ಷಣಗಳ ಪಟ್ಟಿಯಲ್ಲೇ ಇವೆ. ಇಂಥ ವ್ಯಕ್ತಿಗೆ ಆಟದ ನಡುವೆ ಸಂಯಮದಿಂದಿರಿ ಎನ್ನುವುದು, ಯಾವ ಶಕ್ತಿ ಕುಂದಿದೆಯೋ ಅದನ್ನೇ ಊರುಗೋಲು ಮಾಡಿಕೊಳ್ಳಿ ಎಂದಂತೆ. ಶಿಸ್ತು ಬೇಕೇ ಬೇಕು, ಆದರೆ ಅದರ ಜಾಗ ಆಟಕ್ಕಿಂತ ಬಹಳ ಮೊದಲೇ ಇದೆ. ಸಂಬಳದ ಖಾತೆಯನ್ನು ನಂಬಿಕಸ್ಥರೊಬ್ಬರ ಕಣ್ಣಿಗೆ ಬೀಳುವಂತಿಡುವುದು, ಸಾಲದ ಪೂರ್ಣ ಪಟ್ಟಿಯನ್ನು ಮನೆಯವರ ಮುಂದಿಡುವುದು, ತನ್ನನ್ನು ಆಡಲು ಬಿಡಬೇಡಿ ಎಂದು ಆಟ ನಡೆಸುವವರಿಗೆ ತಾನೇ ಹೇಳಿಡುವ ಸ್ವಯಂ-ನಿರ್ಬಂಧದ ಸೌಲಭ್ಯವಿದ್ದಲ್ಲಿ ಅತಿ ದೀರ್ಘ ಅವಧಿಯನ್ನೇ ಆರಿಸುವುದು, ಮನೋವೈದ್ಯರನ್ನೋ ಜೂಜು ಬಿಡಲು ಪರಸ್ಪರ ನೆರವಾಗುವ, 1957ರಿಂದ ನಡೆದುಬಂದಿರುವ ಗ್ಯಾಂಬ್ಲರ್ಸ್ ಅನಾನಿಮಸ್‌ನಂಥ ಬಳಗವನ್ನೋ ಕಾಣುವುದು, ಇವೆಲ್ಲ ಮನಸ್ಸು ತಿಳಿಯಾಗಿರುವಾಗಲೇ ಆಗಬೇಕಾದ ಕೆಲಸಗಳು. ಜಾಲತಾಣದವರು ಕೊಡುವ ದಿನದ ಮಿತಿಯನ್ನು ನಂಬುವ ಮುನ್ನ, ಅದನ್ನು ಎಷ್ಟು ಬೇಗ ಏರಿಸಿಕೊಳ್ಳಬಹುದು ಎಂದು ನೋಡಿಕೊಳ್ಳಿ.

ಇಂಥ ತರಬೇತಿಗೆ ಈಗಾಗಲೇ ಹಣ ಕಟ್ಟಿರುವವರು ಸಂದೇಶಗಳನ್ನೂ ಪಾವತಿಯ ದಾಖಲೆಗಳನ್ನೂ ಇಂದೇ ಬೇರೆ ಕಡೆ ಉಳಿಸಿಟ್ಟುಕೊಳ್ಳಿ, ಏಕೆಂದರೆ ಹೊರಹಾಕಿದ ಮೇಲೆ ಅವು ಕೈಗೆ ಸಿಗದೇ ಹೋಗಬಹುದು. ಕಳೆದ ಹಣವನ್ನು ವಾಪಸ್ ಕೊಡಿಸುತ್ತೇವೆ, ಮುಂಗಡ ಮಾತ್ರ ಕಳಿಸಿ ಎಂದು ಆಮೇಲೆ ಸಂಪರ್ಕಿಸುವವರಿಗೆ ಉತ್ತರಿಸಲೂ ಹೋಗಬೇಡಿ.